ಹಲ್ಲಿನ ಗುರುತಿನ ಬಿರಡೆ

ಹಗಲೊತ್ತಲ್ಲಿ ಕಥೆ ಹೇಳಿದ್ರೆ ದಾರಿ ಹೋಗೋರು ದಾರಿ ತಪ್ಪುತಾರಂತೆ. ತಪ್ಪಿದ್ರೆ ತಪ್ಪಲಿ, ಯಾರನ್ನಾದ್ರೂ ಕೇಳ್ಕೊಂಡು ಹೋಗ್ತಾರೆ. ಇಷ್ಟು ಹುಣಸೆಹಣ್ಣಿನ ಬೀಜ ಬಿಡಿಸಬೇಕು, ಅಲ್ಲೀತನಕ ನಿಮ್ಮನ್ನ ಒಂದು ಕಡೆ ಕೂರಿಸೋಕೆ ನನಗೆ ಬೇರೆ ಉಪಾಯ ಇಲ್ಲ. ಕೈ ಕೆಲಸ ಮಾಡ್ತಿರಲಿ, ಕಿವಿ ಇತ್ತ ಕೊಡಿ. ಹಣ್ಣನ್ನ ಬಾಯಿಗೆ ಹಾಕ್ಕೊಂಡೋರಿಗೆ ಕಥೆ ಇಲ್ಲ.

ಕಂಚಿನಕೋಟೆ ಅಂತ ಒಂದು ರಾಜ್ಯ ಇತ್ತು. ರಾಜ್ಯದ ನಡುವೆ ಒಂದು ಹೊಳೆ. ಹೊಳೆಯಾಚೆ ಅರಮನೆ, ಹೊಳೆಯೀಚೆ ಗರಗದಹಳ್ಳಿ. ಆ ಹಳ್ಳೀಲಿ ವಿರೂಪಾಚಾರಿ ಅಂತ ಒಬ್ಬ ಬಡಗಿ ಇದ್ದ. ನೇಗಿಲು, ನೊಗ ಮಾಡೋ ಬಡಗಿ ಅಲ್ಲ, ವೀಣೆ ಮಾಡೋನು. ಅವನ ಜೊತೇಲಿ ಅವನ ಅಕ್ಕ ಕಾಳಮ್ಮ ಇದ್ಳು.

ಕಾಳಮ್ಮಂಗೆ ಹದಿನಾರಕ್ಕೆ ಮದುವೆ ಆಯ್ತು, ಹದಿನೆಂಟಕ್ಕೆ ಗಂಡ ಹೋದ. ಬಳೆ ಒಡೆಸ್ಕೊಂಡು ತವರಿಗೆ ಬಂದ್ಳು. ಬಂದ ವರ್ಷವೇ ತಾಯಿ ತೀರ್ಕೊಂಡ್ಳು. ಆಗ ವಿರೂಪಾಚಾರಿ ಇನ್ನೂ ಅಂಬೆಗಾಲಿಡೋ ಕೂಸು. ಅನ್ನ ಕಲಸಿ ಬಾಯಿಗಿಟ್ಟೋಳು ಅಕ್ಕ. ಬೆನ್ನಿಗೆ ಕಟ್ಕೊಂಡು ನೀರು ತಂದೋಳು ಅಕ್ಕ. ಒಂದಿನ ಇವನು ಅಕ್ಕನ ತೊಡೆ ಮೇಲೆ ನಿಂತು ಕುಣೀತಾ ಇದ್ದೋನು ತಲೇಲಿ ಗುದ್ದಿಬಿಟ್ಟ. ಅವಳ ಮುಂದಿನ ಒಂದು ಹಲ್ಲು ಉದುರಿಹೋಯ್ತು. ಅವಳು ಬಾಯಲ್ಲಿ ರಕ್ತ ಇಟ್ಕೊಂಡೇ, ‘ಕೂಸಿನ ತಲೆಗೆ ಏನಾದ್ರೂ ಆಯ್ತಾ’ ಅಂತ ತಡವಿ ನೋಡಿದ್ಳಂತೆ. ಈ ಹಲ್ಲಿನ ವಿಷಯ ನೆನಪಿಟ್ಕೊಳ್ಳಿ. ಆಮೇಲೆ ಕೇಳ್ತೀನಿ.

ವೀಣೇಲಿ ದೊಡ್ಡ ಕೆಲಸ ಇದೆ, ಸಣ್ಣ ಕೆಲಸ ಇದೆ. ಹಲಸಿನ ಮರದಲ್ಲಿ ಕೊಡ ಕೊರೆಯೋದು, ದಂಡಿ ಕೆತ್ತೋದು ದೊಡ್ಡ ಕೆಲಸ. ಅದು ವಿರೂಪಾಚಾರೀದು. ಸಣ್ಣ ಕೆಲಸ ಅಂದ್ರೆ ಬಿರಡೆ ಮತ್ತೆ ಕುದುರೆ. ಕುದುರೆ ಅಂದ್ರೆ ಹುಲ್ಲು ತಿನ್ನೋದಲ್ಲ ಕಣೋ, ನಗಬೇಡ. ತಂತಿಗಳು ಮೇಲೆ ಹಾಯ್ದು ಹೋಗೋ ಪುಟ್ಟ ಮರದ ಮಣೆ ಅದು. ಬಿರಡೆ ಅಂದ್ರೆ ತಂತಿ ಸುತ್ತೋ ಗೂಟ. ತಿರುವಿದ್ರೆ ತಂತಿ ಬಿಗಿಯಾಗ್ತದೆ, ಸಡಿಲ ಆಗ್ತದೆ. ಒಂದು ವೀಣೆಗೆ ಏಳು ಬಿರಡೆ, ಒಂದು ಕುದುರೆ. ಬಿರಡೆ ಒಂದು ಎಳ್ಳಿನಷ್ಟು ಸಣ್ಣ ಆದ್ರೆ ಜಾರ್ತದೆ, ಶ್ರುತಿ ನಿಲ್ಲಲ್ಲ. ಒಂದು ಎಳ್ಳಿನಷ್ಟು ದಪ್ಪ ಆದ್ರೆ ಕಚ್ಕೊಳ್ತದೆ, ತಿರುಗಲ್ಲ. ಮೇಲೆ ಎಷ್ಟೇ ಬಂಗಾರದ ಕೊಡ ಇದ್ರೂ ಬಿರಡೆ ಜಾರಿದ್ರೆ ಅದು ವೀಣೆ ಅಲ್ಲ, ಸೌದೆ.

ಈ ಸಣ್ಣ ಕೆಲಸ ಎಲ್ಲಾ ಕಾಳಮ್ಮಂದು. ಅಪ್ಪ ಇದ್ದಾಗ ಅವನ ಕಣ್ಣು ಮಂಜಾಯ್ತು, ಆಗ ಅವಳು ಕೈಹಾಕಿದ್ಳು. ತಮ್ಮನ ಕೈ ದೊಡ್ಡದು, ಬಿರಡೆಗೆ ಒಗ್ಗಲಿಲ್ಲ. ಹಾಗಾಗಿ ಅವಳಿಗೇ ಉಳೀತು.

ಆದ್ರೆ ಅವರ ಮನೇಲಿ ಒಂದು ಕಟ್ಟುಪಾಡು ಇತ್ತು. ಹೆಂಗಸರು ಉಳಿ ಮುಟ್ಟಬಾರದು. ಆಯುಧಪೂಜೆ ದಿನ ಉಳಿ, ಬಾಚಿ, ಗರಗಸ ಎಲ್ಲಾ ತೊಳೆದು ಕುಂಕುಮ ಇಟ್ಟು ಸಾಲಾಗಿ ಜೋಡಿಸ್ತಿದ್ರು. ಹೆಂಗಸರು ದೂರದಿಂದ ಕೈ ಮುಗೀಬೇಕು, ಅಷ್ಟೆ. ಯಾಕೆ ಅಂತ ನನ್ನ ಕೇಳಬೇಡಿ. ಆ ಕಟ್ಟು ಮಾಡಿದೋರು ಸಿಕ್ಕಿದ್ರೆ ನಾನೂ ಎರಡು ಮಾತು ಕೇಳೋದಿದೆ.

ಉಳಿ ಮುಟ್ಟೋ ಹಾಗಿಲ್ಲ, ಕೆಲಸ ಬಿಡೋ ಹಾಗಿಲ್ಲ. ಕಾಳಮ್ಮ ಏನು ಮಾಡಿದ್ಳು? ತಿಪ್ಪೆ ಹುಡುಕಿದ್ಳು. ಮುರಿದ ಕುಡುಗೋಲಿನ ತುದಿ ಸಿಕ್ತು. ಅದಕ್ಕೆ ಹುಣಸೆ ಕಟ್ಟಿಗೆ ಹಿಡಿ ಹಾಕಿದ್ಳು, ಕೆತ್ತೋ ಕತ್ತಿ ಆಯ್ತು. ಗಾಡಿ ಚಕ್ರ ಕಳಚದ ಹಾಗೆ ಹಾಕೋ ಕಬ್ಬಿಣದ ಮೊಳೆ, ಹಳೇ ಕಡಾಣಿ ಸಿಕ್ತು. ಅದನ್ನ ಕಲ್ಲಿಗೆ ತಿಕ್ಕಿ ತಿಕ್ಕಿ ಚಪ್ಪಟೆ ಮಾಡಿದ್ಳು, ಉಳಿ ಮಾಡೋ ಕೆಲಸ ಅದು ಮಾಡ್ತು. ಗೋಣಿ ಹೊಲಿಯೋ ದಬ್ಬಳ ಇತ್ತು. ಬಗ್ಗಿಸಿದ ಬಿದಿರುಕಡ್ಡಿಗೆ ದಾರ ಕಟ್ಟಿ, ದಾರಕ್ಕೆ ದಬ್ಬಳ ಸುತ್ತಿ, ಹಿಂದೆ ಮುಂದೆ ಎಳೆದ್ರೆ ತೂತು ಬೀಳ್ತಿತ್ತು. ಹೆರೆದು ನುಣುಪು ಮಾಡೋಕೆ ಒಂದು ಗಾಜಿನ ಬಳೆ ಚೂರು. ಅದು ಎಲ್ಲಿಂದ ಬಂತು ಅಂತೀರಾ? ಗಂಡ ಹೋದ ದಿನ ಅವಳ ಕೈಮೇಲೇ ಒಡೆದ ಬಳೆ. ಒಂದು ಚೂರು ಸೆರಗಿಗೆ ಕಟ್ಕೊಂಡು ಬಂದಿದ್ಳು. ಕೊನೇಗೆ ಗರಗತ್ತಿ ಎಲೆ. ನಾಲಗೆ ಹಾಗೆ ಒರಟು ಇರ್ತದಲ್ಲ, ಆ ಎಲೆ. ಅದರಲ್ಲಿ ಉಜ್ಜಿದ್ರೆ ಬೀಟೆ ಮರ ಕನ್ನಡಿ ಹಾಗೆ ಆಗ್ತಿತ್ತು.

ಎಲ್ಲಾ ಮುಗಿದ ಮೇಲೆ ಒಂದು ಪರೀಕ್ಷೆ. ಬಿರಡೆ ತಲೇನ ಮುಂದಿನ ಹಲ್ಲಲ್ಲಿ ಕಚ್ಚಿ ಹಿಡ್ಕೊಂಡು, ತುದೀನ ಉಗುರಲ್ಲಿ ತಟ್ಟೋಳು. ಮರದ ಸದ್ದು ಹಲ್ಲಿಂದ ನೇರ ತಲೆಗೆ ಏರ್ತಿತ್ತು. ಒಳಗೆ ಕೂದಲಷ್ಟು ಬಿರುಕಿದ್ರೂ ಗೊತ್ತಾಗಿಬಿಡೋದು. ಬಿರುಕಿದ್ರೆ ಒಲೆಗೆ ಹಾಕೋಳು. ಇಲ್ಲದಿದ್ರೆ ಬುಟ್ಟಿಗೆ. ಪಾಸಾದ ಪ್ರತಿ ಬಿರಡೆ ತಲೆ ಮೇಲೂ ಅವಳ ಹಲ್ಲಿನ ಗುರುತು ಸಣ್ಣಗೆ ಉಳೀತಿತ್ತು. ಅದನ್ನ ಅವಳು ಉಜ್ಜಿ ತೆಗೀತಿರಲಿಲ್ಲ. ‘ನಾನು ನೋಡಿದೀನಿ ಅನ್ನೋಕೆ ಅದೇ ಸಾಕ್ಷಿ, ಇರಲಿ’ ಅನ್ನೋಳು. ವಿರೂಪಾಚಾರಿ ಆ ಗುರುತನ್ನ ಒಂದು ದಿನಕ್ಕೂ ಕಣ್ಣಿಟ್ಟು ನೋಡಿದೋನಲ್ಲ. ಸಣ್ಣ ಸಾಮಾನು ನೋಡೋ ಅಭ್ಯಾಸ ಅವನಿಗಿರಲಿಲ್ಲ.

ಇಷ್ಟೆಲ್ಲಾ ಮಾಡಿದ ಕಾಳಮ್ಮ ಒಂದು ಸಲಾನೂ ವೀಣೆ ನುಡಿಯೋದು ಕೇಳಿರಲಿಲ್ಲ. ಯಾಕಂದ್ರೆ ತಂತಿ ಎಲ್ಲಾ ಅರಮನೆ ಉಗ್ರಾಣದಲ್ಲಿ ಇರ್ತಿತ್ತು. ಇವರ ಮನೆಯಿಂದ ಹೊರಡೋದು ತಂತಿ ಇಲ್ಲದ ವೀಣೆ. ಅವಳಿಗೆ ಇದ್ದಿದ್ದು ಅದೊಂದೇ ಆಸೆ. ಸೀರೆ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಒಂದು ವರ್ಷ ಅರಮನೆಗೆ ವೀಣೆ ಹೊರಟಾಗ, ‘ತಮ್ಮಾ, ಒಂದು ಸಲ ಕರ್ಕೊಂಡು ಹೋಗೋ. ಅದು ಹೇಗೆ ಹಾಡ್ತದೆ ಅಂತ ಕೇಳ್ಬೇಕು’ ಅಂದ್ಳು.

‘ಆಗಲಿ ಅಕ್ಕಾ. ಆದ್ರೆ ಈ ಸಲ ಗಾಡೀಲಿ ವೀಣೆ ಮಲಗಿಸಿದ್ರೆ ಜಾಗ ಎಲ್ಲಿದೆ? ಬರೋ ವರ್ಷ ಕರ್ಕೊಂಡು ಹೋಗ್ತೀನಿ’ ಅಂದ ವಿರೂಪಾಚಾರಿ. ಅವಳು ಬುತ್ತಿ ಕಟ್ಟಿಕೊಟ್ಳು. ಅವನು ಹೋದ.

ಅರಮನೇಲಿ ಮುದ್ದಮ್ಮ ಅಂತ ಒಬ್ಬ ಮುದುಕಿ. ಆಸ್ಥಾನದಲ್ಲಿ ವೀಣೆ ನುಡಿಸೋಳು. ಹೊಸ ವೀಣೆಗೆ ತಂತಿ ಕಟ್ಟಿ ನುಡಿಸಿದ್ಳು. ರಾಜ ತಲೆದೂಗಿದ, ಮಂತ್ರಿ ತಲೆದೂಗಿದ, ಬಾಗಿಲು ಕಾಯೋನೂ ತಲೆದೂಗಿದ. ಮುದ್ದಮ್ಮ ಬಿರಡೆ ಮೇಲೆ ಬೆರಳಾಡಿಸಿ ಕೇಳಿದ್ಳು: ‘ಆಚಾರಿ, ಕೊಡ ಒಂದು ಕೈ ಮಾಡಿದೆ, ಬಿರಡೆ ಇನ್ನೊಂದು ಕೈ ಮಾಡಿದೆ ಅನ್ನಿಸ್ತದೆ. ಮನೇಲಿ ಇನ್ಯಾರಿದಾರೆ?’

ಒಂದು ಮಾತು. ‘ನನ್ನಕ್ಕ’ ಅಂದಿದ್ರೆ ಮುಗೀತಿತ್ತು. ಆದ್ರೆ ರಾಜ ಎದುರಿಗೆ ಕೂತಿದಾನೆ, ಶಾಲು ತಟ್ಟೇಲಿದೆ. ಉಳಿ ಮುಟ್ಟದ ಹೆಂಗಸು ತಿಪ್ಪೆ ಸಾಮಾನಲ್ಲಿ ಮಾಡಿದ್ದು ಅಂತ ಹೇಳೋಕೆ ಇವನಿಗೆ ನಾಚಿಕೆ. ‘ಎಲ್ಲಾ ನಾನೇ ತಾಯಿ. ಮನೇಲಿ ಒಬ್ಬಳು ಅಕ್ಕ ಇದಾಳೆ, ಪಾಪ, ಕಿವುಡಿ. ಕಿವುಡಿಗೆ ವೀಣೆ ಕೆಲಸ ಏನು ಗೊತ್ತಾಗ್ತದೆ?’ ಅಂದ.

ಮನೆ ಮೇಲೆ ಅಸ್ತು ದೇವತೆಗಳು ಓಡಾಡ್ತಿರ್ತಾರೆ, ಕೆಟ್ಟ ಮಾತಾಡಬೇಡಿ ಅಂತ ನಿಮಗೆ ಎಷ್ಟು ಸಲ ಹೇಳಿಲ್ಲ ನಾನು? ಅವರಿಗೆ ಬೇರೆ ಕೆಲಸ ಇಲ್ಲ. ಯಾರು ಏನಂದ್ರೂ ‘ಅಸ್ತು’ ಅಂತಾರೆ, ಹಾಗೇ ಆಗಲಿ ಅಂತಾರೆ. ಅರಮನೆಗೂ ಸೂರು ಇರ್ತದಲ್ಲ.

ಶಾಲು ಹೊದ್ಕೊಂಡು ವಿರೂಪಾಚಾರಿ ಮನೆಗೆ ಬಂದ. ‘ಹೇಗಿತ್ತೋ?’ ಅಂದ್ಳು ಅಕ್ಕ. ‘ಚೆನ್ನಾಗಿತ್ತು’ ಅಂದ. ‘ಚೆನ್ನಾಗಿತ್ತು ಅಂದ್ರೆ? ಹೇಗೆ?’ ಅಂದ್ಳು. ‘ಅದನ್ನ ಹೇಳೋಕಾಗಲ್ಲಕ್ಕಾ, ಕೇಳ್ಬೇಕು’ ಅಂದ. ಅವಳು ಶಾಲಿನ ಅಂಚು ಮುಟ್ಟಿ ನೋಡಿ ಒಳಗೆ ಹೋದ್ಳು.

ಎರಡನೇ ವರ್ಷ ಎರಡನೇ ವೀಣೆ. ‘ತಮ್ಮಾ, ಈ ಸಲ?’ ಅಂದ್ಳು. ‘ಹೊಳೆ ತುಂಬಿದೆ ಅಕ್ಕಾ, ದೋಣಿ ಅಲ್ಲಾಡ್ತದೆ, ನಿನಗೆ ಭಯ ಆಗ್ತದೆ. ಬರೋ ವರ್ಷ’ ಅಂದ. ಅವಳು ಬುತ್ತಿ ಕಟ್ಟಿಕೊಟ್ಳು. ಅವನು ಹೋದ. ಮುದ್ದಮ್ಮ ನುಡಿಸಿದ್ಳು, ರಾಜ ಕೈಗೆ ಕಡಗ ತೊಡಿಸಿದ. ಮುದ್ದಮ್ಮ ಮತ್ತೆ ಅಂದ್ಳು: ‘ನಿನ್ನಕ್ಕನ್ನ ಒಂದು ಸಲ ಕರ್ಕೊಂಡು ಬಾ ಆಚಾರಿ. ಕೇಳಿಸದಿದ್ರೆ ಬೇಡ, ಕಣ್ಣಲ್ಲಾದ್ರೂ ನೋಡಲಿ.’ ಇವನು ಕಡಗ ತಿರುವ್ತಾ, ‘ಏನೂ ಕೇಳಿಸಲ್ಲ ತಾಯಿ ಅವಳಿಗೆ. ಸುಮ್ಮನೆ ಯಾಕೆ ಆಯಾಸ’ ಅಂದ.

ಒಂದು ಸುಳ್ಳಿಗೆ ಕಾವಲು ಕೂರೋಕೆ ಇನ್ನೊಂದು ಸುಳ್ಳು ಬೇಕು. ಅದಕ್ಕೆ ಮತ್ತೊಂದು. ನೋಡ್ತಾ ಇರಿ.

ರಾಜ ಹೇಳಿದ: ‘ಆಚಾರಿ, ಮೂರನೇ ವೀಣೆ ಇಲ್ಲೇ ಅರಮನೇಲಿ ಕೂತು ಮಾಡು. ದಸರಾಕ್ಕೆ ಬೇಕು.’ ವಿರೂಪಾಚಾರಿ ಗಂಟು ಮೂಟೆ ಕಟ್ಟೋಕೆ ಊರಿಗೆ ಬಂದ. ಬಂದಾಗ ಕಾಳಮ್ಮ ಕಿವಿಗೆ ಬಟ್ಟೆ ಒತ್ಕೊಂಡು ಕೂತಿದ್ಳು. ಬಲಗಿವಿ ಸೋರ್ತಿತ್ತು, ಎಡಗಿವೀನೂ ಚುಚ್ತಿತ್ತು.

‘ತಮ್ಮಾ, ಅರಮನೆ ವೈದ್ಯರು ಕಿವಿಗೆ ಒಳ್ಳೇ ಔಷಧಿ ಕೊಡ್ತಾರಂತಲ್ಲ. ನಿನ್ನ ಜೊತೇಲೇ ಬರ್ತೀನಿ, ತೋರಿಸು’ ಅಂದ್ಳು.

ವಿರೂಪಾಚಾರಿಗೆ ಭಯ ಆಯ್ತು. ಅರಮನೇಲಿ ಅಕ್ಕ ಕಿವುಡಿ ಅಂತ ಎರಡು ಸಲ ಹೇಳಿಬಿಟ್ಟಿದಾನೆ. ಈಗ ಇವಳು ಹೋಗಿ ವೈದ್ಯರ ಹತ್ರ ಬಾಯಿ ತುಂಬಾ ಮಾತಾಡಿದ್ರೆ? ಮುದ್ದಮ್ಮ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ರೆ? ‘ಇಷ್ಟಕ್ಕೆಲ್ಲಾ ಅರಮನೆ ವೈದ್ಯರು ಯಾಕಕ್ಕಾ? ಬೆಳ್ಳುಳ್ಳಿ ಎಣ್ಣೆ ಕಾಸಿ ಬಿಟ್ಕೋ, ಹೋಗ್ತದೆ. ನೀನು ಬಂದ್ರೆ ಮನೆ ಕಾಯೋರ್ಯಾರು? ನನಗೆ ಬಿರಡೆ ಮಾಡಿಕೊಡೋರ್ಯಾರು?’ ಅಂದ. ಅವಳು ಎದ್ದು ಬುತ್ತಿ ಕಟ್ಟಿಕೊಟ್ಳು.

ಇಲ್ಲಿ ನನಗೆ ಅವನ ಕಿವಿ ಹಿಂಡಬೇಕು ಅನ್ನಿಸ್ತದೆ. ಏನು ಮಾಡೋದು, ಅವನು ಕಥೆ ಒಳಗಿದಾನೆ, ನಾನು ಹೊರಗಿದೀನಿ.

ವಿರೂಪಾಚಾರಿ ಅರಮನೇಲಿ ಕೂತು ಕೊಡ ಕೊರೆದ, ದಂಡಿ ಕೆತ್ತಿದ. ಬಿರಡೆ, ಕುದುರೆ ಊರಿಂದ ಬರಬೇಕು. ಗಾಡಿ ಬೊಮ್ಮಣ್ಣ ಅಂತ ಒಬ್ಬ, ಸಂತೆ ಸಂತೆಗೂ ಹೊಳೆ ದಾಟಿ ಬರೋನು. ಅವನ ಕೈಲಿ ಸುದ್ದಿ ಬರೋದು, ಸಾಮಾನು ಬರೋದು.

ಮೊದಲನೇ ಸಲ ಬೊಮ್ಮಣ್ಣ ಬಂದ. ‘ಆಚಾರ್ರೇ, ನಿಮ್ಮಕ್ಕಂಗೆ ಕಿವಿ ಇನ್ನೂ ನೋಯ್ತದಂತೆ. ರಾತ್ರಿಯೆಲ್ಲಾ ನಿದ್ದೆ ಇಲ್ವಂತೆ’ ಅಂದ. ‘ಬೆಳ್ಳುಳ್ಳಿ ಎಣ್ಣೆ ಬಿಡೋಕೆ ಹೇಳು’ ಅಂದ ವಿರೂಪಾಚಾರಿ.

ಎರಡನೇ ಸಲ ಬೊಮ್ಮಣ್ಣ ಬಂದ. ‘ನೋವು ಹೋಯ್ತು, ತಮ್ಮ ಯೋಚನೆ ಮಾಡೋದು ಬೇಡ ಅಂತ ಹೇಳು ಅಂದ್ರು’ ಅಂದ. ‘ನೋಡಿದ್ಯಾ, ನಾನು ಹೇಳಲಿಲ್ವಾ’ ಅಂತ ವಿರೂಪಾಚಾರಿ ಸಮಾಧಾನ ಮಾಡ್ಕೊಂಡ. ಆ ದಿನ ಅವನು ಎರಡು ಮುದ್ದೆ ಜಾಸ್ತಿ ಉಂಡ.

ಮೂರನೇ ಸಲ ಬೊಮ್ಮಣ್ಣ ಬಟ್ಟೇಲಿ ಸುತ್ತಿದ ಏಳು ಬಿರಡೆ, ಒಂದು ಕುದುರೆ ತಂದ. ‘ಆಚಾರ್ರೇ, ನಿಮ್ಮಕ್ಕಂಗೆ ನಿಮ್ಮ ಮೇಲೆ ಕೋಪ ಇದ್ದ ಹಾಗಿದೆ. ಬಾಗಿಲಲ್ಲಿ ನಿಂತು ಕರೆದ್ರೂ ತಿರುಗಿ ನೋಡ್ಲಿಲ್ಲ. ಒಳಗೆ ಹೋಗಿ ಎದುರಿಗೆ ನಿಂತ ಮೇಲೆ ಗಂಟು ಕೊಟ್ರು’ ಅಂದ. ‘ಇರಲಿ ಬಿಡು. ಹಬ್ಬ ಮುಗಿಸಿ ಹೋಗಿ ಸಮಾಧಾನ ಮಾಡ್ತೀನಿ’ ಅಂದ ವಿರೂಪಾಚಾರಿ.

ಮೂರನೇ ವೀಣೆ ಸಿದ್ಧ ಆಯ್ತು. ಮುದ್ದಮ್ಮ ತಂತಿ ಕಟ್ಟೋಕೆ ಕೂತ್ಳು. ಕೂತೋಳ ಬೆರಳು ಬಿರಡೆ ಮೇಲೆ ಹಾಗೇ ನಿಂತುಬಿಡ್ತು. ನಲವತ್ತು ವರ್ಷ ಬಿರಡೆ ತಿರುವಿದ ಬೆರಳು ಅದು. ಹೋದ ಎರಡು ವೀಣೆ ಬಿರಡೆ ಮೇಲೂ ಈ ಗುರುತು ಇತ್ತು. ಒಂದು ಗೆರೆ, ನಡುವೆ ಖಾಲಿ, ಆಮೇಲೆ ಇನ್ನೊಂದು ಗೆರೆ. ಆದ್ರೆ ಈ ಸಲದ್ದು ಆಳವಾಗಿತ್ತು. ಯಾರೋ ಮರಾನ ಜೋರಾಗಿ ಕಚ್ಚಿ ಹಿಡಿದಿದ್ರು. ಮುದ್ದಮ್ಮಂಗೆ ಅನುಮಾನ ಬಂತು. ಒಂದು ಬಿರಡೆ ಕಿತ್ತು ಸೆರಗಿಗೆ ಗಂಟು ಹಾಕ್ಕೊಂಡ್ಳು.

ನವರಾತ್ರಿ ಮೊದಲನೇ ದಿನ, ಸಭೆ ತುಂಬಿತ್ತು. ರಾಜ ಬಂದು ಕೂತ. ಮುದ್ದಮ್ಮ ಕೈಮುಗಿದು, ‘ಮಹಾಪ್ರಭು, ಒಂದು ಬಿರಡೆ ಕಾಣ್ತಿಲ್ಲ. ಹೇಗೂ ಆಚಾರಿ ಇಲ್ಲೇ ಇದಾನೆ, ಒಂದು ಮಾಡಿಕೊಡಲಿ’ ಅಂದ್ಳು. ‘ಅದೇನು ಮಹಾ, ಮಾಡು ಆಚಾರಿ’ ಅಂದ ರಾಜ.

ವಿರೂಪಾಚಾರಿ ಬೆಳ್ಳಿ ಹಿಡಿಯ ಉಳಿ ತರಿಸಿದ, ಒಳ್ಳೇ ಬೀಟೆ ತುಂಡು ತರಿಸಿದ. ಮೊದಲನೇ ಬಿರಡೆ ಮಾಡಿದ, ಅದು ಜಾರ್ತು. ಎರಡನೇದು ಮಾಡಿದ, ಅದು ತೂತಲ್ಲಿ ಕಚ್ಕೊಂಡು ತಿರುಗಲಿಲ್ಲ. ಮೂರನೇದು ಸರಿಯಾಗಿ ಕೂತ್ಕೊಂಡ್ತು. ಎಲ್ಲರೂ ಉಸಿರು ಬಿಟ್ರು. ಮುದ್ದಮ್ಮ ತಂತಿ ಬಿಗಿ ಮಾಡಿದ್ಳು. ಟಕ್ ಅಂತ ನಡುವೆ ಸೀಳಿಹೋಯ್ತು. ಒಳಗೆ ಬಿರುಕಿತ್ತು, ಇವನಿಗೆ ಕೇಳಿಸಿರಲಿಲ್ಲ.

‘ಉಳಿ ಸರಿಯಿಲ್ಲ ಮಹಾಪ್ರಭು’ ಅಂದ. ಕುಣಿಲಾರದೋಳು ನೆಲ ಡೊಂಕು ಅಂದ್ಳಂತೆ.

‘ಇರಲಿ ಆಚಾರಿ, ದಣಿದಿದೀಯ’ ಅಂತ ಮುದ್ದಮ್ಮ ಒಂದು ತಟ್ಟೇಲಿ ಸೀಬೆಹಣ್ಣು ತರಿಸಿ ಕೊಟ್ಳು. ಬೆವರು ಒರೆಸ್ಕೊಂಡು ವಿರೂಪಾಚಾರಿ ಒಂದು ಕಾಯಿ ಕಚ್ಚಿದ. ಒಂದೇ ಒಂದು ಸಲ ಕಚ್ಚಿದ ಅಷ್ಟೆ, ಮುದ್ದಮ್ಮ ಅದನ್ನ ಕೈಯಿಂದ ತಗೊಂಡ್ಳು. ಸೆರಗಿನ ಗಂಟು ಬಿಚ್ಚಿ ಬಿರಡೆ ತೆಗೆದ್ಳು. ಎರಡನ್ನೂ ರಾಜನ ಮುಂದೆ ಇಟ್ಳು.

‘ಮಹಾಪ್ರಭು, ಈ ಬಿರಡೆ ಮಾಡಿದೋರು ಇದನ್ನ ಕಚ್ಚಿ ನೋಡಿದಾರೆ. ಮೂರು ವೀಣೇಲೂ ಅದೇ ಗುರುತಿದೆ. ಆಚಾರಿ ಹಲ್ಲು ನೋಡಿ, ಪೋಣಿಸಿದ ಹಾಗೆ ಸಾಲಾಗಿದೆ. ಬಿರಡೆ ಕಚ್ಚಿದ ಬಾಯಲ್ಲಿ ಮುಂದಿನ ಒಂದು ಹಲ್ಲಿಲ್ಲ.’

ಈಗ ಹೇಳಿ, ಆ ಹಲ್ಲು ಯಾರದ್ದು? ಬೀಳಿಸಿದೋರು ಯಾರು? ನಿಮಗೆ ಗೊತ್ತು. ವಿರೂಪಾಚಾರಿಗೂ ಗೊತ್ತಾಯ್ತು. ಬಿರಡೆ ಕೈಗೆ ತಗೊಂಡು ಮೊದಲನೇ ಸಲ ಕಣ್ಣಿಟ್ಟು ನೋಡಿದ. ಆ ಖಾಲಿ ಜಾಗದ ಮೇಲೆ ಹೆಬ್ಬೆರಳಿಟ್ಟ. ‘ನನ್ನಕ್ಕ ಮಹಾಪ್ರಭು. ಬಿರಡೆ ಅವಳದ್ದು, ಕುದುರೆ ಅವಳದ್ದು, ಮೊದಲಿಂದಾನೂ ಅವಳದ್ದೇ. ಅವಳು ಕಿವುಡಿ ಅಲ್ಲ. ನಾನು ಸುಳ್ಳು ಹೇಳಿದೆ’ ಅಂದ.

ರಾಜ ಶಾಲು ತೆಗೆಸಿದ, ಕಡಗ ಬಿಚ್ಚಿಸಿದ. ‘ನಿನಗೆ ಬೇರೆ ಶಿಕ್ಷೆ ಇಲ್ಲ. ಪಲ್ಲಕ್ಕಿ ತಗೊಂಡು ಹೋಗಿ ನಿನ್ನಕ್ಕನ್ನ ಕರ್ಕೊಂಡು ಬಾ. ಅವಳು ಮುಂದೆ ಕೂರಲಿ, ನೀನು ಬಾಗಿಲಾಚೆ ಚಪ್ಪಲಿ ಹತ್ರ ಕೂರು. ಅವಳು ಬರೋ ತನಕ ಈ ವೀಣೆ ನುಡಿಯೋದಿಲ್ಲ’ ಅಂದ.

ವಿರೂಪಾಚಾರಿಗೆ ಅವಮಾನ ಆಯ್ತು ಅಂದ್ಕೊಂಡ್ರಾ? ಇಲ್ಲ. ಅವನಿಗೆ ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು. ಇನ್ನು ಸುಳ್ಳಿಗೆ ಕಾವಲು ಕೂರೋದು ಬೇಡ. ಅಕ್ಕನ್ನ ಕರ್ಕೊಂಡು ಹೋಗ್ತೀನಿ, ಅವಳು ಕೇಳ್ತಾಳೆ, ಅಲ್ಲಿಗೆ ಎಲ್ಲಾ ಸರಿಹೋಗ್ತದೆ ಅಂದ್ಕೊಂಡ. ಪಲ್ಲಕ್ಕಿ ಹೊತ್ತೋರಿಗಿಂತ ಮುಂದೆ ಓಡಿಬಂದ.

ಕಾಳಮ್ಮ ಹಿತ್ತಿಲಲ್ಲಿ ಇವನಿಗೆ ಬೆನ್ನು ಮಾಡಿ ಕೂತಿದ್ಳು. ಬಳೆ ಚೂರಲ್ಲಿ ಏನೋ ಹೆರೀತಿದ್ಳು.

‘ಅಕ್ಕಾ’ ಅಂದ. ಅವಳು ಹೆರೀತಾನೇ ಇದ್ಳು.

‘ಅಕ್ಕಾ, ನಾನು ಬಂದೆ’ ಅಂದ. ತಿರುಗಲಿಲ್ಲ. ಕೋಪ ಅಂದ್ಕೊಂಡ.

‘ಅಕ್ಕಾ, ನಿನ್ನನ್ನ ಕರ್ಕೊಂಡು ಹೋಗೋಕೆ ಬಂದಿದೀನಿ. ವೀಣೆ ಕೇಳೋಕೆ ಹೋಗೋಣ ಏಳು’ ಅಂದ. ಅವಳು ಬಳೆ ಚೂರು ಕೆಳಗಿಟ್ಟು, ಗರಗತ್ತಿ ಎಲೆ ತಗೊಂಡು ಉಜ್ಜೋಕೆ ಶುರು ಮಾಡಿದ್ಳು.

ಇವನ ನೆರಳು ಅವಳ ಕೈ ಮೇಲೆ ಬಿತ್ತು. ಆಗ ತಿರುಗಿದ್ಳು. ಮುಖ ಅರಳ್ತು. ‘ಯಾವಾಗ ಬಂದ್ಯೋ? ಊಟ ಆಯ್ತಾ?’ ಅಂದ್ಳು. ಅವಳ ದನಿ ಜೋರಾಗಿತ್ತು, ಬೀದಿಗೆ ಕೇಳೋ ಹಾಗಿತ್ತು. ಇವನ ಬಾಯಿ ಅಲ್ಲಾಡೋದು ನೋಡಿ ತಲೆ ಅಲ್ಲಾಡಿಸಿದ್ಳು. ‘ಕೇಳಿಸಲ್ಲ ಕಣೋ. ನೋವು ಹೋಯ್ತು ಅಂತ ಹೇಳಿಕಳಿಸಿದ್ದೆನಲ್ಲ. ನೋವು ಹೋಗೋವಾಗ ಕೇಳಿಸೋದನ್ನೂ ತಗೊಂಡು ಹೋಯ್ತು. ನಿನಗೆ ಹಬ್ಬದ ಕೆಲಸ, ಯಾಕೆ ಗಾಬರಿ ಮಾಡೋದು ಅಂತ ಹೇಳಿಸಲಿಲ್ಲ. ಈ ಸಲದ ಬಿರಡೆ ಸರಿಯಾಗಿತ್ತಾ? ಬಲವಾಗಿ ಕಚ್ಚಿದ್ರೆ ಸ್ವಲ್ಪ ಗೊತ್ತಾಗ್ತದೆ.’

ಮುದ್ದಮ್ಮನ ಬೆರಳಿಗೆ ಸಿಕ್ಕ ಆಳವಾದ ಗುರುತು ಯಾಕೆ ಅಂತ ಈಗ ತಿಳೀತಾ ನಿಮಗೆ? ವಿರೂಪಾಚಾರಿಗೂ ಆಗಲೇ ತಿಳಿದದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ಪಲ್ಲಕ್ಕೀಲಿ ಕೂರಿಸ್ಕೊಂಡು ಹೋದ. ಹೊಳೆ ಶಾಂತವಾಗಿತ್ತು, ದೋಣಿ ಅಲ್ಲಾಡಲಿಲ್ಲ. ಅರಮನೆ ವೈದ್ಯರು ಎರಡು ಕಿವೀನೂ ನೋಡಿ, ‘ಮಳೆಗಾಲದಲ್ಲೇ ಕರ್ಕೊಂಡು ಬಂದಿದ್ರೆ ಉಳೀತಿತ್ತು’ ಅಂದ್ರು. ಅಷ್ಟೇ ಅಂದಿದ್ದು. ಬಾಗಿಲಾಚೆ ಚಪ್ಪಲಿ ಹತ್ರ ಕೂತಿದ್ದ ವಿರೂಪಾಚಾರಿಗೆ ಅದು ಚೆನ್ನಾಗಿ ಕೇಳಿಸ್ತು.

ಕಾಳಮ್ಮನ್ನ ಎಲ್ಲರಿಗಿಂತ ಮುಂದೆ ಕೂರಿಸಿದ್ರು. ಮುದ್ದಮ್ಮ ನುಡಿಸಿದ್ಳು. ಅಂಥಾ ವೀಣೆ ಅವತ್ತಿಗೂ ಮುಂಚೆ ಯಾರೂ ಕೇಳಿರಲಿಲ್ಲವಂತೆ. ರಾಜ ಕಣ್ಣೊರೆಸ್ಕೊಂಡ, ಮಂತ್ರಿ ಕಣ್ಣೊರೆಸ್ಕೊಂಡ, ಬಾಗಿಲು ಕಾಯೋನೂ ಕಣ್ಣೊರೆಸ್ಕೊಂಡ. ಕಾಳಮ್ಮ ಮುದ್ದಮ್ಮನ ಬೆರಳನ್ನ ನೋಡಿದ್ಳು. ಆಮೇಲೆ ಸುತ್ತ ಕೂತೋರ ಮುಖ ಒಂದೊಂದಾಗಿ ನೋಡಿದ್ಳು. ವೀಣೆ ಹೇಗೆ ಹಾಡ್ತದೆ ಅಂತ ಅವರ ಮುಖದಲ್ಲಿ ಹುಡುಕ್ತಿದ್ಳೇನೋ.

ಮುದ್ದಮ್ಮಂಗೆ ತಡೀಲಿಕ್ಕಾಗಲಿಲ್ಲ. ವೀಣೇನ ಕಾಳಮ್ಮನ ಹತ್ರ ತಂದ್ಳು. ಬಿರಡೆ ತಲೇನ ಅವಳ ಬಾಯಿಗೆ ಹಿಡಿದ್ಳು, ಕಚ್ಚು ಅಂತ ಸನ್ನೆ ಮಾಡಿದ್ಳು. ಕಾಳಮ್ಮ ಕಚ್ಚಿ ಹಿಡಿದ್ಳು, ಕಣ್ಣು ಮುಚ್ಚಿದ್ಳು. ಮುದ್ದಮ್ಮ ತಂತಿ ಮೀಟಿದ್ಳು, ಒಂದು ರಾಗ ಪೂರ್ತಿ ನುಡಿಸಿದ್ಳು. ಇಡೀ ಸಭೆ ಕಾಳಮ್ಮನ ಮುಖ ನೋಡ್ತಾ ಕೂತಿತ್ತು.

ಅವಳು ಕಣ್ಣು ಬಿಟ್ಳು. ಬಿರಡೆ ಬಾಯಿಂದ ತೆಗೆದು ಸೆರಗಲ್ಲಿ ಒರೆಸಿದ್ಳು.

‘ಮರ ಚೆನ್ನಾಗಿ ಒಣಗಿದೆ, ಬಿರುಕಿಲ್ಲ’ ಅಂದ್ಳು. ಆಮೇಲೆ, ‘ಹಾಡು ಗೊತ್ತಾಗ್ಲಿಲ್ಲ ತಾಯಿ’ ಅಂದ್ಳು.

ವಿರೂಪಾಚಾರಿ ಬಾಗಿಲಿಂದ ಎದ್ದು ಬಂದು ಅವಳ ಕಾಲು ಹಿಡ್ಕೊಂಡ. ‘ತಪ್ಪಾಯ್ತು ಅಕ್ಕಾ’ ಅಂದ. ‘ಏನಂದೆ?’ ಅಂದ್ಳು. ‘ತಪ್ಪಾಯ್ತು’ ಅಂದ. ‘ಕೇಳಿಸಲ್ಲ, ಏನೋ?’ ಅಂದ್ಳು. ಮೂರನೇ ಸಲ ಕೂಗಿ ಹೇಳಿದ. ಸಭೆಗೆಲ್ಲಾ ಕೇಳಿಸ್ತು, ಅವಳೊಬ್ಬಳಿಗೆ ಕೇಳಿಸಲಿಲ್ಲ. ಅವನ ತಲೆ ಮೇಲೆ ಕೈಯಾಡಿಸಿ, ‘ಅಳಬೇಡ, ಏನಾದ್ರೂ ಇರಲಿ’ ಅಂದ್ಳು. ಅವನು ಏನು ಹೇಳಿದ, ಯಾಕೆ ಅತ್ತ, ಅವಳಿಗೆ ಕೊನೇತನಕ ಪೂರ್ತಿ ಗೊತ್ತಾಯ್ತೋ ಇಲ್ವೋ, ನನಗೆ ಹೇಳಿದೋರಿಗೂ ಗೊತ್ತಿರಲಿಲ್ಲ.

ರಾಜ ಅವಳಿಗೆ ಬೆಳ್ಳಿ ಹಿಡಿಯ ಉಳಿ ಕೊಡೋಕೆ ಬಂದ. ಅವಳು ಬೇಡ ಅಂದ್ಳು, ಕೈಗೆ ಹೊಂದಿದ್ದು ಮನೇಲಿದೆ ಅಂದ್ಳು. ಆ ವರ್ಷ ಆಯುಧಪೂಜೇಲಿ ವಿರೂಪಾಚಾರಿ ತನ್ನ ಉಳಿ ಬಾಚಿ ಎಲ್ಲಾ ಹಿಂದೆ ಇಟ್ಟ. ಮುರಿದ ಕುಡುಗೋಲು, ಕಡಾಣಿ, ದಬ್ಬಳ, ಬಳೆ ಚೂರು ಮುಂದೆ ಇಟ್ಟು ಕುಂಕುಮ ಹಚ್ಚಿದ. ಆಮೇಲೆ ಹೊರಟ ಪ್ರತಿ ವೀಣೆ ಜೊತೇಲೂ, ಕೇಳಲಿ ಕೇಳದಿರಲಿ, ‘ಬಿರಡೆ ನನ್ನಕ್ಕಂದು’ ಅಂತ ಹೇಳೋನು. ಅದು ಒಳ್ಳೇದೇ. ಆದ್ರೆ ಕೇಳಬೇಕಾದೋಳಿಗೆ ಕೇಳಿಸ್ತಿರಲಿಲ್ಲ.

ನೀತಿ ಏನು ಅಂತೀರಾ? ಬಾಯಿಬಿಟ್ಟು ಹೇಳ್ತೀನಿ ಕೇಳಿ. ಇನ್ನೊಬ್ಬರು ಮಾಡಿದ ಕೆಲಸಕ್ಕೆ ನಿಮ್ಮ ಹೆಸರು ಹಾಕ್ಕೋಬೇಡಿ. ಯಾರಿಗೆ ಏನು ಸಲ್ಲಬೇಕೋ ಅದು ಸಲ್ಲೋ ಹೊತ್ತಿಗೆ ಸಲ್ಲಿಸಿ. ಬರೋ ವರ್ಷ ಅನ್ನಬೇಡಿ. ತಡ ಮಾಡಿದ್ರೆ ಕೊಟ್ಟರೂ ಮುಟ್ಟಲ್ಲ. ನನಗೂ ಒಬ್ಬಳು ಅಕ್ಕ ಇದ್ಳು, ಅದಕ್ಕೇ ಹೇಳ್ತಿದೀನಿ.

ಹೂಂ, ಆಯ್ತು. ಬೀಜ ಎಲ್ಲಾ ಒಂದು ಕಡೆ ಬಾಚಿ. ನಾಳೆ ಬೆಳಿಗ್ಗೆ ಇಷ್ಟು ಹಣ್ಣು ಯಾರು ಬಿಡಿಸಿದ್ರು ಅಂತ ನಿಮ್ಮಮ್ಮ ಕೇಳ್ತಾಳೆ. ನಾನು ಅಂತ ಅನ್ನೋಲ್ಲ. ಎಲ್ಲಿ, ಒಬ್ಬೊಬ್ಬರಾಗಿ ನಿಮ್ಮ ಹೆಸರು ಹೇಳಿ. ಗಟ್ಟಿಯಾಗಿ ಹೇಳಿ, ನನಗಿನ್ನೂ ಕೇಳಿಸ್ತದೆ.